ಕಪ್ಪತಗುಡ್ಡದ ಕಲ್ಲಿನಲ್ಲಿ ಹಳೆಯ ಕಡಲು

ಕೊಳವೆಬಾವಿಯ ಗಡಸು ನೀರು ಕಾಯಿಸುವ ಮನೆಗಳಲ್ಲಿ ಬಚ್ಚಲ ಹಂಡೆಯ ಒಳಮೈ ಮುಟ್ಟಿ ನೋಡಿದರೆ ಬಿಳಿಯ ಗಟ್ಟಿ ಪೊರೆಯೊಂದು ಕೈಗೆ ಸಿಗುತ್ತದೆ. ಹಾಕಿದ ನೀರು ತಿಳಿಯಾಗಿಯೇ ಇತ್ತು. ಮಣ್ಣು, ಮರಳು ಇರಲಿಲ್ಲ. ಆದರೂ ಕಲ್ಲು ಬಂತು. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬನೇಟ್, ಕಾಯಿಸಿದಾಗ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು, ಕರಗದ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ತಳ ಹಿಡಿಯುತ್ತದೆ. ರಾಸಾಯನಿಕ ಜಲಜಶಿಲೆಗಳು ಹುಟ್ಟುವ ಬಗೆಯೂ ಹೆಚ್ಚುಕಡಿಮೆ ಇದೇ.

ಸಿಂಗಟಾಲೂರಿನಲ್ಲಿ ತುಂಗಭದ್ರೆಯ ದಂಡೆಗೆ ನಿಂತವರಿಗೆ ನದಿ ಹೊತ್ತು ತರುವ ಮರಳು, ಹೂಳು ಕಾಣುತ್ತವೆ. ಅವು ಪದರಪದರವಾಗಿ ಕೂತು ಗಟ್ಟಿಯಾದರೆ ಮರಳುಗಲ್ಲು, ಜೇಡಿಶಿಲೆ. ನದಿಗೆ ಇನ್ನೊಂದು ಹೊರೆಯೂ ಇದೆ. ಅದು ಕಣ್ಣಿಗೆ ಕಾಣದು. ಸುಣ್ಣ, ಸಿಲಿಕ, ಲವಣಗಳು ಕರಗಿದ ರೂಪದಲ್ಲೇ ಕಡಲು ಸೇರುತ್ತವೆ. ನೀರು ಆವಿಯಾದಾಗ, ಬಿಸಿಯಾದಾಗ ಅಥವಾ ಅದರಲ್ಲಿನ ಅನಿಲಗಳ ಪ್ರಮಾಣ ಬದಲಾದಾಗ ಅವು ಮತ್ತೆ ಘನರೂಪ ತಾಳುತ್ತವೆ.

ಇಂಥ ಶಿಲೆಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಮೊದಲನೆಯದು ಸುಣ್ಣಕಲ್ಲು, ಡಾಲೊಮೈಟ್‌ಗಳ ಕುಟುಂಬ. ಮನೆಯ ನೆಲಕ್ಕೆ ಹಾಸುವ ಶಹಾಬಾದಿ ಪರಸಿ ಸುಣ್ಣಕಲ್ಲೇ. ಬಾಗಲಕೋಟೆ, ಲೋಕಾಪುರದ ಕಡೆ ಎರಡೂ ಸಿಗುತ್ತವೆ. ಎರಡನೆಯದು ನೀರು ಆವಿಯಾಗಿ ಉಳಿಯುವ ಶಿಲೆ. ಕಡಲ ನೀರು ಐದನೇ ಒಂದು ಭಾಗಕ್ಕೆ ಇಳಿದಾಗ ಜಿಪ್ಸಂ, ಹತ್ತನೇ ಒಂದು ಭಾಗಕ್ಕೆ ಇಳಿದಾಗ ಉಪ್ಪು ಹರಳುಗಟ್ಟುತ್ತದೆ. ಕುಮಟಾ ತಾಲೂಕಿನ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಲ್ಲಿ ಬಿಸಿಲು ಮಾಡುವುದೂ ಇದನ್ನೇ. ಉಪವಾಸದ ದಿನ ಬಳಸುವ ಸೈಂಧವ ಲವಣ ಹೀಗೆ ಬತ್ತಿದ ಹಳೆಯ ಕಡಲಿನ ಉಪ್ಪು. ಮೂರನೆಯದು ಸಿಲಿಕದಿಂದಾದ ಚೆರ್ಟ್. ನಾಲ್ಕನೆಯದು ಕಬ್ಬಿಣದ ಶಿಲೆ.

ಈ ನಾಲ್ಕನೆಯದನ್ನು ನೋಡಲು ಸಿಂಗಟಾಲೂರಿನವರು ದೂರ ಹೋಗಬೇಕಿಲ್ಲ. ಗದಗ ಹತ್ತಿರದ ಬಿಂಕದಕಟ್ಟಿಯಿಂದ ಸಿಂಗಟಾಲೂರಿನವರೆಗೆ ಸುಮಾರು 60 ಕಿಲೋಮೀಟರ್ ಹಬ್ಬಿರುವ ಕಪ್ಪತಗುಡ್ಡದಲ್ಲಿ ಪಟ್ಟೆಯುಳ್ಳ ಕಬ್ಬಿಣಶಿಲೆ ಇದೆ. ಕಪ್ಪು ಅಥವಾ ಕೆಂಪು ಬಣ್ಣದ ಕಬ್ಬಿಣದ ಪಟ್ಟೆ, ಅದರ ಮಗ್ಗುಲಲ್ಲಿ ಚೆರ್ಟ್ ಪಟ್ಟೆ, ಮತ್ತೆ ಕಬ್ಬಿಣ; ಇಳಕಲ್ ಸೀರೆಯ ದಡಿಯ ಹಾಗೆ. ಮ್ಯಾಗ್ನಟೈಟ್ ಇರುವ ಪಟ್ಟೆಗೆ ಅಯಸ್ಕಾಂತ ಅಂಟುತ್ತದೆ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಂಥ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟರು.

ಈ ಪಟ್ಟೆಗಳಿಗೆ 250 ಕೋಟಿ ವರ್ಷಗಳಿಗೂ ಹೆಚ್ಚು ವಯಸ್ಸು. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ ಸಲೀಸಾಗಿ ಕರಗಿರುತ್ತದೆ. ಕಡಲ ತಳದ ಬಿಸಿನೀರಿನ ಬುಗ್ಗೆಗಳು ಕಬ್ಬಿಣವನ್ನು ಹೇರಳವಾಗಿ ಉಗುಳುತ್ತಿದ್ದವು. ಬಿಸಿಲು ಬೀಳುವ ಮೇಲ್ಪದರದಲ್ಲಿ ಸೂಕ್ಷ್ಮಜೀವಿಗಳು ಬದುಕಿದ್ದವು. ಅವುಗಳಲ್ಲಿ ಕೆಲವು ಬಿಟ್ಟ ಆಮ್ಲಜನಕ ಕಬ್ಬಿಣಕ್ಕೆ ತುಕ್ಕು ಹಿಡಿಸಿತು. ಬೆಳಕಿನ ಬಲದಿಂದ ನೇರವಾಗಿಯೇ ಕಬ್ಬಿಣವನ್ನು ತುಕ್ಕಾಗಿಸುವ ಜೀವಿಗಳೂ ಇದ್ದಿರಬೇಕೆಂದು ವಿಜ್ಞಾನಿಗಳ ಅಭಿಪ್ರಾಯ. ತುಕ್ಕು ತಳಕ್ಕಿಳಿಯಿತು, ಸಿಲಿಕವೂ ಇಳಿಯಿತು. ಮುಂದೆ ಭೂಮಿಯ ಒತ್ತಡಕ್ಕೆ ಪದರಗಳು ಮಡಿಚಿಕೊಂಡು ಎದ್ದುನಿಂತವು. ಸುತ್ತಲಿನ ಮೆದು ಶಿಲೆ ಸವೆಯಿತು. ಗಟ್ಟಿಯಾದದ್ದು ಗುಡ್ಡವಾಗಿ ಉಳಿಯಿತು.

ಸುಣ್ಣದ ಪೊರೆ ಹಂಡೆಯಲ್ಲಿ ಇಂದಿಗೂ ಕಟ್ಟುತ್ತದೆ. ಉಪ್ಪು ಪ್ರತಿ ಬೇಸಿಗೆಯಲ್ಲೂ ಹರಳಾಗುತ್ತದೆ. ಆದರೆ ಕಪ್ಪತಗುಡ್ಡದಂಥ ಕಬ್ಬಿಣಶಿಲೆಯನ್ನು ಇಂದಿನ ಕಡಲು ಮಾಡಲಾರದು. ನೀರಿನಲ್ಲಿ ಆಮ್ಲಜನಕ ತುಂಬಿದೆ. ಕಬ್ಬಿಣ ಕರಗಿ ದೂರ ಸಾಗುವ ಮೊದಲೇ ತುಕ್ಕಾಗಿ ಕೂರುತ್ತದೆ. ಅಂದರೆ ಅಗೆದು ತೆಗೆದ ಪಟ್ಟೆ ಮರಳಿ ಹುಟ್ಟದು. ಗಣಿಗಾರಿಕೆಯ ವಿರುದ್ಧ ಜನ ದನಿಯೆತ್ತಿದ ಮೇಲೆ 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಅಲ್ಲಿ ಔಷಧಿ ಸಸ್ಯಗಳ ಜೊತೆಗೆ ಉಳಿದದ್ದು ಜಗತ್ತಿನ ಹಳೆಯ ಕಡಲಿನ ದಾಖಲೆ.

ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯುವ ಪಾಲಕರು ಕಲ್ಲನ್ನು ಚೀಲಕ್ಕೆ ಹಾಕಿಕೊಳ್ಳದೆ, ಇದ್ದಲ್ಲೇ ಪಟ್ಟೆಗಳನ್ನು ಎಣಿಸಲು ಹೇಳಿಕೊಡಬಹುದು. ಮನೆಗೆ ಬಂದ ಮೇಲೆ ಹಂಡೆಯ ಪೊರೆ ಕೆರೆದ ಪುಡಿಗೆ ನಾಲ್ಕು ಹನಿ ನಿಂಬೆರಸ ಹಾಕಿದರೆ ನೊರೆ ಏಳುತ್ತದೆ. ಕಾಯಿಸುವಾಗ ಹಾರಿಹೋದ ಅನಿಲವೇ ಅಲ್ಲಿ ಮತ್ತೆ ಗುಳ್ಳೆಯಾಗಿ ಹೊರಬರುತ್ತದೆ. ಪಾಠದ ಅರ್ಧ ಗುಡ್ಡದಲ್ಲಿ, ಅರ್ಧ ಬಚ್ಚಲಲ್ಲಿ.