ಏಳು ಖಚಿತ, ಮೂವತ್ತೇಳು ಷರತ್ತು

ರುಮಟಾಯ್ಡ್ ಸಂಧಿವಾತಕ್ಕೆ ಔಷಧ ಕೊಡುವ ಬಗೆಯನ್ನು ಕುರಿತು ಅಮೆರಿಕದ ರುಮಟಾಲಜಿ ತಜ್ಞರ ಸಂಸ್ಥೆ 2021ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 44 ಶಿಫಾರಸುಗಳಿವೆ. ಖಚಿತವಾಗಿ ಹೇಳಿದ್ದು 7 ಮಾತ್ರ. ಉಳಿದ 37ಕ್ಕೆ ಷರತ್ತು ಅಂಟಿದೆ: ಹೆಚ್ಚಿನವರಿಗೆ ಹೀಗೆ ಸರಿಹೋದೀತು, ಆದರೆ ರೋಗಿಯನ್ನು ನೋಡಿ, ಕೇಳಿ ನಿರ್ಧರಿಸಿ ಎಂದು.

ಇಷ್ಟು ಕೇಳಿದ ಕೂಡಲೇ, 'ಹಾಗಾದರೆ ಡಾಕ್ಟರಿಗೇ ಗೊತ್ತಿಲ್ಲ' ಎಂದು ಮಾತ್ರೆ ಬಿಟ್ಟು ಎಣ್ಣೆ ತಿಕ್ಕಿಸಿಕೊಳ್ಳಲು ಹೊರಡುವವರಿದ್ದಾರೆ. ಅದು ಆತುರದ ಬುದ್ಧಿ. ಷರತ್ತಿನ ಹಿಂದಿನ ಪುರಾವೆ ತೆಳುವಾಗಿದೆ ಎಂದರೆ ಔಷಧ ಕೆಲಸ ಮಾಡುವುದಿಲ್ಲ ಎಂದಲ್ಲ. ಎರಡು ಔಷಧಗಳಲ್ಲಿ ಯಾವುದು ಮೇಲು ಎಂದು ಯಾರೂ ಸರಿಯಾಗಿ ತೂಗಿ ನೋಡಿಲ್ಲ ಎಂದಷ್ಟೇ.

ಮೆಥೊಟ್ರೆಕ್ಸೇಟನ್ನೇ ನೋಡಿ. ಕ್ಯಾನ್ಸರಿಗೆಂದು ಬಂದ ಔಷಧ. 1985ರಲ್ಲಿ ಸಂಧಿವಾತಕ್ಕೆ ಅದು ಫಲಕಾರಿ ಎಂದು ತೋರಿಸಿದ ಹೆಸರಾಂತ ಪ್ರಯೋಗದಲ್ಲಿ ಇದ್ದವರು 35 ರೋಗಿಗಳು, ನಡೆದದ್ದು 24 ವಾರ. ಇಂದು ಜಗತ್ತಿನ ಬಹುಪಾಲು ವೈದ್ಯರು ಮೊದಲು ಬರೆಯುವುದು ಇದನ್ನೇ. ಕಾಯಿಲೆ ಜೋರಾಗಿದ್ದರೆ ಇನ್ನೊಂದು ಔಷಧವಾದ ಹೈಡ್ರಾಕ್ಸಿಕ್ಲೋರೋಕ್ವಿನ್‌ಗಿಂತ ಇದೇ ಸರಿ ಎಂಬುದು ಆ ಏಳು ಖಚಿತ ಶಿಫಾರಸುಗಳಲ್ಲಿ ಒಂದು. ಸ್ವಾರಸ್ಯವಿರುವುದು ಇಲ್ಲೇ: ಈ ಖಚಿತ ಮಾತಿನ ಬೆನ್ನಿಗಿರುವ ಪುರಾವೆಯನ್ನು ಮಾರ್ಗಸೂಚಿಯ ಸಮಿತಿಯೇ ಕೆಳದರ್ಜೆಯದೆಂದು ಗುರುತಿಸಿದೆ. ದಶಕಗಳ ಅನುಭವ, ಅಗ್ಗದ ಬೆಲೆ, ಡೋಸು ಏರಿಸಿ ಇಳಿಸುವ ಅನುಕೂಲ, ಇವೆಲ್ಲ ಸೇರಿ ತಕ್ಕಡಿಯನ್ನು ವಾಲಿಸಿದವು. ನನಗೆ ಈ ತೀರ್ಪು ಸರಿಯೆನಿಸುತ್ತದೆ. ಆದರೆ ಇದು ತೀರ್ಪು, ಅಳತೆಯಲ್ಲ.

ಸ್ಟೀರಾಯ್ಡಿನ ಕತೆ ಇನ್ನೂ ಹಳೆಯದು. 1948ರಲ್ಲಿ ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಕಾರ್ಟಿಸೋನ್ ಚುಚ್ಚಿದಾಗ ಕೀಲು ಹಿಡಿದು ಕೂತಿದ್ದ ರೋಗಿ ಕೆಲವೇ ದಿನಗಳಲ್ಲಿ ಓಡಾಡಿದಳು. ಎರಡೇ ವರ್ಷಕ್ಕೆ ನೊಬೆಲ್ ಬಂತು, ಅಡ್ಡಪರಿಣಾಮಗಳೂ ಬಂದವು. ಅಮೆರಿಕದ ಮಾರ್ಗಸೂಚಿ ಮೂರು ತಿಂಗಳು ಮೀರಿ ಸ್ಟೀರಾಯ್ಡ್ ಬೇಡ ಎಂದು ಖಂಡಿತವಾಗಿ ಹೇಳುತ್ತದೆ. ಮರುವರ್ಷವೇ ಪ್ರಕಟವಾದ ಗ್ಲೋರಿಯಾ ಪ್ರಯೋಗದಲ್ಲಿ 65 ದಾಟಿದವರಿಗೆ ಎರಡು ವರ್ಷ ದಿನಕ್ಕೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ನೋವು ಇಳಿಯಿತು, ಕೀಲಿನ ಸವೆತ ತಗ್ಗಿತು, ಸೋಂಕು ಹೆಚ್ಚಿತು. ಕೈಬೆರಳು ಮಡಚಲಾಗದ ಅಜ್ಜಿಗೆ ಈ ಲೆಕ್ಕದಲ್ಲಿ ಲಾಭ ಕಾಣಬಹುದು, ಆಗಾಗ ನ್ಯುಮೋನಿಯಾ ಆಗುವ ಅಜ್ಜನಿಗೆ ಅಪಾಯ. ಇಬ್ಬರಿಗೂ ಒಂದೇ ಉತ್ತರ ಬರೆಯಲು ಯಾವ ಸಮಿತಿಗೂ ಆಗದು. ಷರತ್ತು ಹುಟ್ಟುವುದು ಇಂಥಲ್ಲಿ.

ನನ್ನ ತಕರಾರು ಬೇರೆ. ಪ್ರಯೋಗಕ್ಕೆ ದುಡ್ಡು ಬೇಕು. ದುಡ್ಡು ಹಾಕುವವರು ತಮಗೆ ಬೇಕಾದ ಪ್ರಶ್ನೆಯನ್ನೇ ಕೇಳುತ್ತಾರೆ. 2013ರಲ್ಲಿ 353 ರೋಗಿಗಳ ಪ್ರಯೋಗವೊಂದು ಮೂರು ಅಗ್ಗದ ಮಾತ್ರೆಗಳನ್ನು ಒಟ್ಟಿಗೆ ಕೊಟ್ಟರೆ, ಮೆಥೊಟ್ರೆಕ್ಸೇಟ್ ಜೊತೆಗೆ ಕೊಡುವ ದುಬಾರಿ ಎಟನರ್ಸೆಪ್ಟ್ ಚುಚ್ಚುಮದ್ದಿಗೆ ಅವು ಕಡಿಮೆಯಿಲ್ಲ ಎಂದು ತೋರಿಸಿತು. ಅದಕ್ಕೆ ಸಾರ್ವಜನಿಕ ಹಣ ಬೇಕಾಯಿತು. ಪೇಟೆಂಟ್ ಮುಗಿದ ಮಾತ್ರೆಯ ಪರವಾಗಿ ಪ್ರಯೋಗ ನಡೆಸಿ ಯಾವ ಕಂಪನಿಗೆ ಏನು ಸಿಕ್ಕೀತು? ಕೈಯಿಂದ ದುಡ್ಡು ಕೊಟ್ಟು ಔಷಧ ಕೊಳ್ಳುವ ನಮ್ಮ ರೋಗಿಗೆ ಬೇಕಾದದ್ದು ಮಾತ್ರ ಇಂಥ ಪುರಾವೆಯೇ.

ಆದ್ದರಿಂದ ಡಾಕ್ಟರ ಮುಂದೆ ಕೂತಾಗ ಕೇಳಿ: ಇದು ಏಳರಲ್ಲಿ ಒಂದೋ, ಮೂವತ್ತೇಳರಲ್ಲಿ ಒಂದೋ? ಷರತ್ತಿನದಾದರೆ ನನ್ನ ವಿಷಯದಲ್ಲಿ ಆ ಷರತ್ತು ಯಾವುದು? ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ವಾರದ ಯಾವ ದಿನ ಎಂದು ಚೀಟಿಯ ಮೇಲೇ ಬರೆಸಿಕೊಳ್ಳಿ. ಅದನ್ನು ವಾರಕ್ಕೊಮ್ಮೆ ನುಂಗಬೇಕು. ದಿನವೂ ನುಂಗಿದರೆ ಜೀವಕ್ಕೇ ಅಪಾಯ.