ಮನೆ ಬದಲಿಸಿದ ಆಟ



ಕಳೆದ ಮಾಸ ಪರಿಚಿತರೊಬ್ಬರ ಮನೆಗೆ ಪ್ರಸಾದಕ್ಕೆ ಹೋದಾಗ ಆ ಮನೆಯ ಬಾಲಕಿಯು ಗಣಕಯಂತ್ರದ ಮುಂದೆ ಕುಳಿತು ಕಣ್ಣೀರಿಡುತ್ತಿದ್ದಳು. ಹಳೆಯ ಹಾರ್ಡ್ ಡಿಸ್ಕ್ ನಿಧಾನವಾಯಿತೆಂದು ತಂದೆಯವರು ಅಂಗಡಿಯಲ್ಲಿ ಹೊಸ ಎಸ್‌ಎಸ್‌ಡಿ ಹಾಕಿಸಿ, ಅದರಲ್ಲಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸಿ, ಆಟಗಳ ಫೋಲ್ಡರುಗಳನ್ನು ನಕಲು ಮಾಡಿಸಿ ತಂದಿದ್ದರು. ಆಟಗಳು ಮಾತ್ರ ತೆರೆಯಲೊಲ್ಲವು.

ಆಕೆಯ ಆಟ 'ಸ್ಟಾರ್‌ಡ್ಯೂ ವ್ಯಾಲಿ'. ಅಮೆರಿಕದ ಎರಿಕ್ ಬರೋನ್ ಎಂಬವರು ಏಕಾಂಗಿಯಾಗಿ ರಚಿಸಿ 2016ರಲ್ಲಿ ಹೊರತಂದದ್ದು. ಪಾಳುಬಿದ್ದ ಹೊಲವನ್ನು ಹಸನುಗೊಳಿಸಿ, ಬಿತ್ತಿ ಬೆಳೆದು, ದನಕರು ಸಾಕುವುದೇ ಅಲ್ಲಿನ ಆಟ. ಎರಡು ವರ್ಷ ನಡೆಸಿದ ಒಕ್ಕಲುತನ ಆಕೆಯದು. "ಆಟ ತಾನೆ, ಹೋದರೆ ಹೋಯಿತು" ಎಂದರು ತಂದೆ. ಹಳೆಯ ಡಿಸ್ಕನ್ನು ಅಳಿಸಿ ಮಾರುವ ಸಿದ್ಧತೆಯೂ ನಡೆದಿತ್ತು. ನಾವು ತಡೆದೆವು. ಹಸ್ತಪ್ರತಿಗಳ ನಕಲುಗಳನ್ನು ಗಣಕದಲ್ಲಿರಿಸುವ ಕಾರ್ಯದಲ್ಲಿ ಇಂಥ ಪೆಟ್ಟು ತಿಂದವರು ನಾವು.

ಗ್ರಂಥಭಂಡಾರದಲ್ಲಿ ಓಲೆಕಟ್ಟುಗಳ ಕಪಾಟು ಬದಲಿಸಿ ಸೂಚಿಯನ್ನು ತಿದ್ದದಿದ್ದರೆ ಏನಾದೀತು? ಗ್ರಂಥವಿರುತ್ತದೆ, ಹುಡುಕುವವನಿಗೆ ಸಿಕ್ಕದು. ಇಲ್ಲಿಯೂ ಅಷ್ಟೇ. ಆಕೆಯ ಆಟಗಳ ಪಾರುಪತ್ಯ ನೋಡುವುದು ಸ್ಟೀಮ್ ಎಂಬ ತಂತ್ರಾಂಶ. ಅದು ಆಟಗಳನ್ನು 'ಸ್ಟೀಮ್‌ಆ್ಯಪ್ಸ್' ಫೋಲ್ಡರಿನೊಳಗೆ 'ಕಾಮನ್' ಎಂಬಲ್ಲಿ ಇರಿಸುತ್ತದೆ. ಒಂದೊಂದು ಆಟಕ್ಕೂ 'ಆ್ಯಪ್‌ಮ್ಯಾನಿಫೆಸ್ಟ್' ಎಂಬ ಚೀಟಿಯನ್ನು 'ಕಾಮನ್'ನ ಹೊರಗೆ, 'ಸ್ಟೀಮ್‌ಆ್ಯಪ್ಸ್'ನಲ್ಲಿಯೇ ಬರೆದಿಡುತ್ತದೆ. ಅಂಗಡಿಯವರು ಆಟವನ್ನು ತಂದು ಬೇರೆಡೆ ಇಟ್ಟಿದ್ದರು, ಚೀಟಿಯನ್ನು ತಂದಿರಲಿಲ್ಲ.

ಮೊದಲು ಸ್ಟೀಮನ್ನು ಸ್ಥಾಪಿಸಿ, ಅದರ ಸೆಟ್ಟಿಂಗ್ಸ್‌ನ 'ಸ್ಟೋರೇಜ್'ನಲ್ಲಿ ಹೊಸ ಡ್ರೈವನ್ನು ತೋರಿಸಿದೆವು. ಬಳಿಕ ಅದನ್ನು ಮುಚ್ಚಿ, ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ, ಆಟವನ್ನು 'ಕಾಮನ್'ನಲ್ಲಿಯೂ ಚೀಟಿಯನ್ನು ಅದರ ಸ್ಥಾನದಲ್ಲಿಯೂ ಇರಿಸಿದೆವು. ಚೀಟಿ ಸಿಗದವರು ಧೈರ್ಯಗೆಡಬೇಕಿಲ್ಲ. ಆಟವನ್ನು 'ಕಾಮನ್'ನಲ್ಲಿಟ್ಟು, ಅದೇ ಡ್ರೈವನ್ನು ಆರಿಸಿ 'ಇನ್‌ಸ್ಟಾಲ್' ಒತ್ತಿದರೆ ಸ್ಟೀಮ್ ಇರುವುದನ್ನು ಪರಿಶೀಲಿಸಿ ಇಲ್ಲದ್ದನ್ನಷ್ಟೇ ತರಿಸಿಕೊಳ್ಳುತ್ತದೆ. ವಿಂಡೋಸ್ ಹಳೆಯದೇ ಇದ್ದು, ಆಟಗಳ ಡ್ರೈವಿನ ಅಕ್ಷರ ಮಾತ್ರ 'ಡಿ' ಹೋಗಿ 'ಇ' ಆಗಿದ್ದರೆ ಕೆಲಸ ಇನ್ನೂ ಸುಲಭ: 'ಡಿಸ್ಕ್ ಮ್ಯಾನೇಜ್‌ಮೆಂಟ್'ನಲ್ಲಿ ಹಳೆಯ ಅಕ್ಷರವನ್ನೇ ಮರಳಿ ಕೊಟ್ಟರಾಯಿತು. 'ಸಿ'ಯ ತಂಟೆಗೆ ಮಾತ್ರ ಹೋಗಕೂಡದು.

ಆಟ ತೆರೆಯಿತು. ಆದರೆ ಹೊಲವಿಲ್ಲ! ಮಗುವಿನ ಮುಖ ಮತ್ತೆ ಬಾಡಿತು.

ಅನೇಕರು ಎಡವುವುದು ಇಲ್ಲಿಯೇ. ಆಡಿದವರ ಶ್ರಮದ ದಾಖಲೆ ಬಹುಪಾಲು ಆಟದೊಡನೆ ಇರುವುದಿಲ್ಲ. ಈ ಆಟದ್ದು 'ಸಿ' ಡ್ರೈವಿನಲ್ಲಿ, ಬಳಕೆದಾರರ ಹೆಸರಿನ ಫೋಲ್ಡರಿನೊಳಗೆ, ಕಣ್ಣಿಗೆ ಮರೆಯಾಗಿರುವ 'ಆ್ಯಪ್‌ಡೇಟಾ', ಅದರೊಳಗೆ 'ರೋಮಿಂಗ್', ಅದರೊಳಗೆ 'ಸ್ಟಾರ್‌ಡ್ಯೂವ್ಯಾಲಿ', ಕೊನೆಗೆ 'ಸೇವ್ಸ್'. ಬೇರೆ ಕೆಲವು ಆಟಗಳವು 'ಡಾಕ್ಯುಮೆಂಟ್ಸ್'ನಲ್ಲಿಯೋ 'ಸೇವ್ಡ್ ಗೇಮ್ಸ್'ನಲ್ಲಿಯೋ ಇರುತ್ತವೆ. ಹಳೆಯ ಡಿಸ್ಕಿನಲ್ಲಿ ಹುಡುಕಿದಾಗ ಆಕೆ ಆಟದಲ್ಲಿ ಇಟ್ಟುಕೊಂಡ ಹೆಸರಿನದೇ ಫೋಲ್ಡರು ಸಿಕ್ಕಿತು. ಅದನ್ನು ಹೊಸದರ ಅದೇ ಸ್ಥಾನಕ್ಕೆ ನಕಲಿಸಿದೆವು. ತಂದೆಯವರು ಅಷ್ಟು ಹೊತ್ತು ಹಿಂದೆಯೇ ನಿಂತಿದ್ದರು, ಮಾತಾಡಲಿಲ್ಲ.

ಹಳೆಯ ಡಿಸ್ಕನ್ನು ಇನ್ನೊಂದು ತಿಂಗಳಾದರೂ ಪೆಟ್ಟಿಗೆಯಲ್ಲಿರಿಸಲು ಹೇಳಿ ಎದ್ದೆವು. ಬಾಲಕಿ ಆಗಲೇ ತನ್ನ ಕುಂಬಳದ ಸಾಲಿಗೆ ನೀರೆರೆಯುತ್ತಿದ್ದಳು.