ಇಲಿಗೆ ಇಟ್ಟ ವಿಷ ಗೂಬೆಗೆ ತಗುಲಿತು

ಹೋದ ವಾರ ಬೆಳಿಗ್ಗೆ ಗದ್ದೆಗೆ ನೀರು ತಿರುಗಿಸೋಕೆ ಹೋದಾಗ ಬದುವಿನ ಮೇಲೆ ಒಂದು ಕಣಜಗೂಬೆ ಸತ್ತು ಬಿದ್ದಿತ್ತು. ಗಾಯ ಇಲ್ಲ, ಕೊಕ್ಕಿನ ಹತ್ರ ಸ್ವಲ್ಪ ರಕ್ತ. ಹತ್ತು ದಿನದ ಹಿಂದೆ ಅದೇ ಬದುವಿನ ಬಿಲಗಳಿಗೆ ಬ್ರೋಮಾಡಿಯೋಲೋನ್ ಬಿಲ್ಲೆ ಹಾಕಿದವನು ನಾನೇ. ಯಾರೂ ಪರೀಕ್ಷೆ ಮಾಡಿಲ್ಲ, ಆದ್ರೆ ನನ್ನ ಮನಸ್ಸು ಒಪ್ತಿಲ್ಲ.

ಈ ವಿಷ ರಕ್ತ ಹೆಪ್ಪುಗಟ್ಟೋದನ್ನ ತಡೆಯುತ್ತೆ. ತಿಂದ ಇಲಿ ತಕ್ಷಣ ಸಾಯಲ್ಲ, ಕೆಲವು ದಿನ ಓಲಾಡ್ತಾ ಹೊರಗೇ ತಿರುಗುತ್ತೆ. ಅಂಥದ್ದು ಗೂಬೆಗೆ, ಬೆಕ್ಕಿಗೆ, ಮುಂಗುಸಿಗೆ ಸುಲಭದ ತುತ್ತು. ಇಲಿಯ ಈಲಿಯಲ್ಲಿ ಉಳಿದ ವಿಷ ತಿಂದವರ ಮೈಗೂ ಸೇರುತ್ತೆ.

ಲೆಕ್ಕ ಹಾಕಿ ನೋಡಿ. ಗೂಬೆ ರಾತ್ರಿಗೆ ಒಂದೆರಡು ಇಲಿ ಹಿಡಿಯುತ್ತೆ. ಹೆಗ್ಗಣ ಗರ್ಭ ಧರಿಸಿ ಮೂರು ವಾರದ ಸುಮಾರಿಗೆ ಒಂದು ಸೂಲಿಗೆ ಆರೇಳು ಮರಿ ಹಾಕುತ್ತೆ. ಹಾಗಾಗಿ ಇಲಿ ಬೇಗ ತುಂಬ್ಕೊಳ್ಳುತ್ತೆ, ಸತ್ತ ಗೂಬೆಯ ಜಾಗ ಅಷ್ಟು ಬೇಗ ತುಂಬಲ್ಲ. ಚಿಕ್ಕಂದಿನಲ್ಲಿ ಅಪಶಕುನ ಅಂತ ಗೂಬೆಗೆ ಕಲ್ಲು ಹೊಡೀತಿದ್ವಿ. ಈಗ ವಿಷ ಹಾಕ್ತಿದೀವಿ, ಅಷ್ಟೇ ವ್ಯತ್ಯಾಸ.

"ಹಾಗಾದ್ರೆ ಭತ್ತವನ್ನ ಇಲಿಗೆ ಬಿಡೋದಾ?" ಅಂತ ಕೇಳ್ತೀರಿ. ಬೇಡ. ಇಲಿ ಕಡಿದ ಪೈರು ನೋಡಿ ನನ್ನ ಹೊಟ್ಟೆಯೂ ಉರಿದಿದೆ. ಆದ್ರೆ ನಾನೊಬ್ಬ ನನ್ನ ಗದ್ದೆಗೆ ವಿಷ ಇಟ್ರೆ ಪಕ್ಕದ ಗದ್ದೆ ಇಲಿ ಬಂದು ಖಾಲಿ ಬಿಲ ಸೇರ್ಕೊಳ್ಳುತ್ತೆ. ಬೇಸಿಗೆಯಲ್ಲೇ ಎಲ್ರೂ ಬದು ಕೆತ್ತಿ ಸಣ್ಣದು ಮಾಡಿ, ಬಿಲ ಅಗೆದುಬಿಡಬೇಕು. ಪೈರು ಹೊಡೆ ತುಂಬೋ ಮುಂಚೆ ಬಯಲಿನವರೆಲ್ಲ ಒಂದೇ ದಿನ ಬೋನು ಇಡಬೇಕು. ಗೂಬೆ ಕೂರೋಕೆ ಗದ್ದೆಯಲ್ಲಿ ಟಿ ಆಕಾರದ ಕೋಲು ನೆಡಿ, ಕಾಳು ಕಟ್ಟೋ ಹೊತ್ತಿಗೆ ತೆಗೆದುಬಿಡಿ, ಇಲ್ಲದಿದ್ರೆ ಕಾಳು ತಿನ್ನೋ ಹಕ್ಕಿಗೆ ಅನುಕೂಲ ಆಗುತ್ತೆ. ಕೇರೆ ಹಾವು ಕಂಡ್ರೆ ದೊಣ್ಣೆ ಎತ್ತಬೇಡಿ. ನಾವು ಕೈ ಹಾಕೋಕಾಗದ ಬಿಲದೊಳಗೆ ಹೋಗಿ ಇಲಿ ಹಿಡಿಯೋದು ಅದೇ.

ವಿಷ ಇಡಲೇಬೇಕಾದ್ರೆ ಬಿಲದೊಳಗೆ ಮಾತ್ರ ಇಡಿ. ದಿನಾ ಬೆಳಿಗ್ಗೆ ಗದ್ದೆ ಸುತ್ತಿ, ಸತ್ತ ಇಲಿಗಳನ್ನ ಬರಿಗೈಲಿ ಮುಟ್ಟದೆ ಆಳವಾಗಿ ಹೂತುಬಿಡಿ. ನಾನು ಆ ಕೆಲಸ ಮಾಡಿರಲಿಲ್ಲ.

ನಮ್ಮ ನಾಲೆ ಬಯಲಿನವರು ಮುಂದಿನ ನಾಟಿಗೆ ಒಂದು ದಿನ ಗೊತ್ತು ಮಾಡೋಣ. ಬೋನು ನಾನು ನಾಲ್ಕು ತರ್ತೀನಿ. ನೀವು?